ರಕ್ತಕ್ಕೆ ಬಂದ ಬೆಳಕು ನೀರಿಗೆ ಬಂದಿಲ್ಲ

ಅಥಣಿ ತಾಲ್ಲೂಕಿನ ಸತ್ತಿಯಲ್ಲಾಗಲಿ, ಆಚೆಯ ಕಾಗವಾಡ, ರಾಯಬಾಗದ ಹಳ್ಳಿಗಳಲ್ಲಾಗಲಿ ‘ಥೈರಾಯ್ಡ್ ಐತಿ’ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಸುಸ್ತು, ಕೂದಲುದುರುವುದು, ಸುಮ್ಮನೆ ತೂಕ ಏರುವುದು ಎಂದರೆ ಡಾಕ್ಟರು ಮೊದಲು ಬರೆಯುವುದೇ ಟಿಎಸ್‌ಎಚ್ ತಪಾಸಣೆ. ಚೀಟಿ ಕೈಗೆ ಬಂದಾಗ ಎಲ್ಲರ ಕಣ್ಣು ಸಂಖ್ಯೆಯ ಮೇಲೆ. 0.27ರಿಂದ 4.2ರೊಳಗಿದ್ದರೆ ನಿರಾಳ. ಬಹಳಷ್ಟು ಚೀಟಿಗಳಲ್ಲಿ ಅದರ ಪಕ್ಕ ಸಣ್ಣಕ್ಷರದಲ್ಲಿ ‘ಇಸಿಎಲ್‌ಐಎ’ ಎಂದೂ ಅಚ್ಚಾಗಿರುತ್ತದೆ. ಆ ಸಂಖ್ಯೆ ಬೆಳಕನ್ನು ಅಳೆದು ಪಡೆದದ್ದು ಎಂಬುದನ್ನು ಹೇಳುವ ನಾಲ್ಕೈದು ಅಕ್ಷರಗಳವು.

ಯಂತ್ರದೊಳಗೆ ನಡೆಯುವುದು ಹೀಗೆ. ರಕ್ತದಲ್ಲಿರುವ ಟಿಎಸ್‌ಎಚ್ ಹಾರ್ಮೋನನ್ನು ಎರಡು ಪ್ರತಿಕಾಯಗಳು ಎರಡೂ ಬದಿಯಿಂದ ಹಿಡಿಯುತ್ತವೆ. ಒಂದಕ್ಕೆ ಬಯೋಟಿನ್ ಅಂಟಿಸಿರುತ್ತಾರೆ, ಇನ್ನೊಂದಕ್ಕೆ ರುಥೇನಿಯಂ ಎಂಬ ಲೋಹದ ಸಂಯುಕ್ತ. ಬಯೋಟಿನ್ ಇರುವ ತುದಿ ಕಾಂತೀಯ ಕಣಗಳಿಗೆ ಕಚ್ಚಿಕೊಳ್ಳುತ್ತದೆ. ಆಯಸ್ಕಾಂತ ಆ ಕಣಗಳನ್ನು ಎಲೆಕ್ಟ್ರೋಡಿನ ಮೇಲೆ ಎಳೆದು ಕೂರಿಸುತ್ತದೆ, ಉಳಿದದ್ದನ್ನೆಲ್ಲ ದ್ರಾವಣ ತೊಳೆದೊಯ್ಯುತ್ತದೆ. ಆಮೇಲೆ ಒಂದೂವರೆ ವೋಲ್ಟಿನ ಆಸುಪಾಸಿನ ವಿದ್ಯುತ್ತು. ರುಥೇನಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ. ದ್ರಾವಣದಲ್ಲಿರುವ ಟ್ರೈಪ್ರೊಪೈಲಮೈನ್ ಕೂಡ ಎಲೆಕ್ಟ್ರೋಡಿನಲ್ಲಿ ಒಡೆದು, ರುಥೇನಿಯಂಗೆ ಎಲೆಕ್ಟ್ರಾನನ್ನು ರಭಸದಿಂದ ಹಿಂದಿರುಗಿಸುತ್ತದೆ. ಆ ರಭಸಕ್ಕೆ ಹೊಮ್ಮುವುದು ಸುಮಾರು 620 ನ್ಯಾನೊಮೀಟರಿನ ಕೇಸರಿಗೆಂಪು ಬೆಳಕು. ಬೆಳಕು ಕೊಟ್ಟ ರುಥೇನಿಯಂ ಮೊದಲಿನ ಸ್ಥಿತಿಗೇ ಮರಳುವುದರಿಂದ ಒಂದೇ ಅಣು ಮತ್ತೆ ಮತ್ತೆ ಬೆಳಗುತ್ತದೆ. ಟಿಎಸ್‌ಎಚ್‌ಗೆ ಇಷ್ಟೆಲ್ಲ ಹಿಡಿಯುವುದು 18 ನಿಮಿಷ.

ಹೊರಗಿನಿಂದ ದೀಪ ಬೀರಬೇಕಿಲ್ಲದಿರುವುದೇ ಇದರ ಹೆಚ್ಚುಗಾರಿಕೆ. ದೀಪ ಬಳಸುವ ವಿಧಾನಗಳಲ್ಲಿ ಆ ದೀಪದ ಬೆಳಕೇ ಚದುರಿ ಅಳತೆಯನ್ನು ಕೆಡಿಸುತ್ತದೆ. ಇಲ್ಲಿ ಸುತ್ತ ಕತ್ತಲೆ, ಕಂಡ ಬೆಳಕೆಲ್ಲ ಲೆಕ್ಕಕ್ಕೆ. (ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮುನ್ನ ಅದನ್ನು ಡಾಕ್ಟರಿಗೆ ಹೇಳಬೇಕು. ಮಾತ್ರೆಯ ಬಯೋಟಿನ್ನು ಯಂತ್ರದ ಬಯೋಟಿನ್ನಿನ ಜಾಗ ಕಸಿದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.)

ಈ ರುಥೇನಿಯಂ ಬೆಳಕನ್ನು 1972ರಲ್ಲಿ ಟೆಕ್ಸಾಸ್‌ನಲ್ಲಿ ಮೊದಲು ಕಂಡವರು ರಸಾಯನಶಾಸ್ತ್ರಜ್ಞ ಅಲೆನ್ ಬಾರ್ಡ್ ಮತ್ತು ಅವರ ವಿದ್ಯಾರ್ಥಿನಿ. 1980ರಲ್ಲಿ ಬಾರ್ಡ್ ಮತ್ತು ಇಸ್ರೇಲ್ ರುಬಿನ್‌ಸ್ಟೈನ್ ಇನ್ನೊಂದು ಹೆಜ್ಜೆ ಇಟ್ಟರು. ರುಥೇನಿಯಂ ಅನ್ನು ದ್ರಾವಣದಲ್ಲಿ ಬೆರೆಸುವ ಬದಲು ನ್ಯಾಫಿಯಾನ್ ಎಂಬ ಪಾಲಿಮರ್ ಪದರದಲ್ಲಿ ಹುದುಗಿಸಿ ಎಲೆಕ್ಟ್ರೋಡಿಗೇ ಬಳಿದರು. ದುಬಾರಿ ರುಥೇನಿಯಂ ಅನ್ನು ಪ್ರತಿ ಸಲ ಸುರಿಯುವುದು ತಪ್ಪಿತು. ಆಸ್ಪತ್ರೆಯಾಚೆ ಒಯ್ಯಬಹುದಾದ ಸಂವೇದಕದ ಆಸೆ ಚಿಗುರಿದ್ದು ಇಲ್ಲಿಂದ ಎನ್ನಬಹುದು.

ಇಲ್ಲಿಂದ ಕಥೆ ಕಬ್ಬಿನ ಗದ್ದೆಗೆ ತಿರುಗುತ್ತದೆ. ಟ್ರೈಪ್ರೊಪೈಲಮೈನ್ ಮಾಡುವ ಕೆಲಸವನ್ನು ಸಾರಜನಕವಿರುವ ಬೇರೆ ಹಲವು ಅಮೈನ್ ಸಂಯುಕ್ತಗಳೂ ಮಾಡಬಲ್ಲವು. ಗ್ಲೈಫೋಸೇಟ್ ಅಣುವಿನಲ್ಲೂ ಒಂದು ಅಮೈನ್ ಗುಂಪಿದೆ. ಬದುವಿನ ಕಳೆಗೆ ‘ಎಣ್ಣಿ ಹೊಡೆಯುವ’ ನಮ್ಮ ಕಡೆಯವರಿಗೆ ಚಿರಪರಿಚಿತವಾದ ಅದೇ ಗ್ಲೈಫೋಸೇಟ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗಷ್ಟೇ ಸೀಮಿತಗೊಳಿಸಿತು. ಅಣುವಿನಲ್ಲಿ ಅಮೈನ್ ಇರುವುದರಿಂದ, ನೀರಿನಲ್ಲಿ ಗ್ಲೈಫೋಸೇಟ್ ಇದ್ದರೆ ರುಥೇನಿಯಂ ಎಲೆಕ್ಟ್ರೋಡನ್ನು ಬೆಳಗಿಸುವ ಉರುವಲು ಅದೇ ಆಗಬಹುದು. ಹೊಡೆದ ವಿಷವೇ ತನ್ನ ಸುಳಿವು ಕೊಡುವ ಈ ವಿಚಾರ ನನ್ನನ್ನು ಹಿಡಿದು ನಿಲ್ಲಿಸಿತು.

ಕರ್ನಾಟಕಕ್ಕೆ ಇಂಥ ಕೆಲಸ ಅಪರಿಚಿತವಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎಂ.ಎಸ್. ಠಾಕೂರ್ ತಂಡ 2006ರಲ್ಲೇ ಮೀಥೈಲ್ ಪ್ಯಾರಾಥಿಯಾನ್ ಕೀಟನಾಶಕವನ್ನು ರಾಸಾಯನಿಕ ಬೆಳಕಿನಿಂದ ಪತ್ತೆ ಮಾಡುವ ವಿಧಾನ ಪ್ರಕಟಿಸಿತ್ತು. ಅಲ್ಲಿ ಬೆಳಕು ಹೊಮ್ಮಿಸಲು ವಿದ್ಯುತ್ತು ಬಳಸಿರಲಿಲ್ಲ. ಆ ಕೀಟನಾಶಕ 2018ರಲ್ಲಿ ನಿಷೇಧವಾಯಿತು. ಇತ್ತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶರಣಪ್ಪ ನಂದಿಬೇವೂರ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ.ಇ. ಕುಮಾರಸ್ವಾಮಿ ಮಾರ್ಪಡಿಸಿದ ಎಲೆಕ್ಟ್ರೋಡುಗಳ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಅವರ ಅಳತೆ ಬೆಳಕಿನದಲ್ಲ, ವಿದ್ಯುತ್ ಪ್ರವಾಹದ್ದು. ಆದರೆ ಮೇಲ್ಮೈ ಕಟ್ಟುವ ಕಸುಬು ಎರಡಕ್ಕೂ ಒಂದೇ.

ಆ ಕಸುಬು ನೋಡಿದರೆ ಸರಳ. 70 ಪಾಲು ಗ್ರಾಫೈಟ್ ಪುಡಿಗೆ 30 ಪಾಲು ಸಿಲಿಕೋನ್ ಎಣ್ಣೆ ಹಾಕಿ ಖಲ್ಬತ್ತಿನಲ್ಲಿ ಅರೆಯುತ್ತಾರೆ. ಹೋಳಿಗೆಯ ಕಣಕದಷ್ಟು ಮೆತ್ತಗಾದ ಮೇಲೆ ಸಣ್ಣ ಕೊಳವೆಯ ಬಾಯಿಗೆ ತುಂಬಿ, ಹಿಂದಿನಿಂದ ತಾಮ್ರದ ತಂತಿ ಚುಚ್ಚಿ, ಮುಖವನ್ನು ನುಣುಪು ಕಾಗದದ ಮೇಲೆ ತಿಕ್ಕುತ್ತಾರೆ. ಅರೆಯುವಾಗಲೇ ಜೇಡಿ, ಲೋಹದ ಆಕ್ಸೈಡ್ ಅಥವಾ ಬಣ್ಣದ ಅಣು ಸೇರಿಸಿದರೆ ಅದು ಮಾರ್ಪಡಿಸಿದ ಎಲೆಕ್ಟ್ರೋಡ್. ಮೇಲ್ಮೈ ಮಂಕಾದರೆ ಒಂದು ಪದರ ಒರೆಸಿ ಹಾಕಿದರಾಯಿತು, ಒಳಗಿನದು ಹೊಸದು.

ಬೆಳಕನ್ನು ಓದುವ ಯಂತ್ರವೂ ದೊಡ್ಡದಿರಬೇಕಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಾಗದದ ಸಂವೇದಕದಲ್ಲಿ ರುಥೇನಿಯಂ ಬಳಸಿ, ಹೊಮ್ಮಿದ ಬೆಳಕನ್ನು ಮೊಬೈಲ್ ಕ್ಯಾಮೆರಾದಲ್ಲೇ ಹಿಡಿದು ತೋರಿಸಿದ್ದರು.

ಹಾಗಾದರೆ ತೊಡಕೆಲ್ಲಿ? ಅಮೈನ್ ಯಾವುದೇ ಇರಲಿ, ಬೆಳಕಿಗೆ ಅದರ ಗುರುತಿಲ್ಲ. ನದಿಯ ನೀರಿನಲ್ಲಿ ಊರಿನ ಬಚ್ಚಲು, ಕೊಳೆತ ಎಲೆ, ಕಾರ್ಖಾನೆಯ ಹೊಲಸು ಎಲ್ಲದರ ಅಮೈನ್‌ಗಳೂ ಇರುತ್ತವೆ. 1997ರಲ್ಲಿ ಗ್ಲೈಫೋಸೇಟನ್ನು ಹೀಗೆ ಅಳೆದ ಅಮೆರಿಕದ ರಸಾಯನಶಾಸ್ತ್ರಜ್ಞರು ಮೊದಲು ಕ್ರೊಮ್ಯಾಟೊಗ್ರಫಿಯಲ್ಲಿ ಅದನ್ನು ಬೇರ್ಪಡಿಸಿ ಆಮೇಲೆ ಬೆಳಗಿಸಿದರು. ಅಂಥ ಯಂತ್ರ ಬಾವಿಯ ದಂಡೆಗೆ ಬರುವುದಿಲ್ಲ. ಬೇಕಾದ ಅಣುವಿಗೆ ಮಾತ್ರ ಎಡೆಕೊಡುವ ಅಚ್ಚಿನ ಪಾಲಿಮರ್ ಪದರವನ್ನು ಎಲೆಕ್ಟ್ರೋಡಿನ ಮೇಲೇ ಕಟ್ಟುವುದು ಇನ್ನೊಂದು ದಾರಿ. ರಕ್ತಕ್ಕೆ ಪ್ರತಿಕಾಯ ಮಾಡಿದ ಆಯ್ಕೆಯ ಕೆಲಸವನ್ನು ನೀರಿಗೆ ಈ ಪದರ ಮಾಡಬೇಕು.

ಇಲ್ಲಿ ಸಂಶೋಧನಾ ಪ್ರಬಂಧಗಳ ಮೇಲೆ ನನ್ನದೊಂದು ತಕರಾರಿದೆ. ಹೊಸ ಸಂವೇದಕ ಬಂದಾಗಲೆಲ್ಲ ನಲ್ಲಿ ನೀರಿಗೆ ತಾವೇ ರಾಸಾಯನಿಕ ಬೆರೆಸಿ, ಬೆರೆಸಿದ್ದು ಹೆಚ್ಚುಕಡಿಮೆ ಪೂರ್ತಿ ಸಿಕ್ಕಿತೆಂದು ಕೋಷ್ಟಕ ಕೊಡುವುದು ವಾಡಿಕೆ. ನಮ್ಮ ಕೃಷ್ಣಾ ನದಿಯ ಬಯಲಿಗೆ ಆ ಪರೀಕ್ಷೆ ಸಾಲದು. ಏಪ್ರಿಲ್‌ನಲ್ಲಿ ಹೊಳೆ ಸೊರಗಿದಾಗ ಲವಣದ ಸಾಂದ್ರತೆ ಏರುತ್ತದೆ, ಆಗಸ್ಟಿನ ನೆರೆಯಲ್ಲಿ ಕೆಸರೇ ಹೆಚ್ಚು. ಸತ್ತಿಯ ಒಂದೇ ಬಾವಿಯಿಂದ ಎರಡೂ ಹಂಗಾಮಿನ ನೀರನ್ನು ಸೋಸದೆ ತಂದು, ಅದೇ ನೀರನ್ನು ಕ್ರೊಮ್ಯಾಟೊಗ್ರಫಿಗೂ ಕೊಟ್ಟು, ಎರಡರ ಉತ್ತರ ತಾಳೆಯಾಗುತ್ತದೆಯೇ ಎಂದು ನೋಡಬೇಕು. ತಾಳೆಯಾಗದಿದ್ದರೆ ಅದನ್ನೂ ಅಚ್ಚು ಹಾಕಬೇಕು.