ಯೀಸ್ಟಿನಲ್ಲಿ ಅಡಗಿದ್ದ ಸಂಜೀವಿನಿ

ಬೆಳಗಿನ ಚಹಾದೊಡನೆ ನಾವು ಗಿರಾಕಿಗಳ ಮುಂದಿಡುವ ಬನ್ನನ್ನು ಉಬ್ಬಿಸುವುದು ಯೀಸ್ಟೆಂಬ ಸೂಕ್ಷ್ಮಜೀವಿ. ಅದು ಸಕ್ಕರೆಯನ್ನುಂಡು ವಾಯುವನ್ನು ಬಿಡುವುದೆಂಬುದನ್ನು ಬೇಕರಿಯ ಹುಡುಗನೂ ಬಲ್ಲನು. ಅದೇ ಯೀಸ್ಟಿನ ಸಾರವು ಗರ್ಭಿಣಿಯರ ಪ್ರಾಣವುಳಿಸಿದ ಸಂಗತಿಯನ್ನು ಬಲ್ಲವರು ಮಾತ್ರ ವಿರಳ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆ ಗಿರಣಿಯ ಬಡ ಹೆಂಗಸರನ್ನು ಗರ್ಭಕಾಲದಲ್ಲಿ ಕಾಡುತ್ತಿದ್ದ ಪ್ರಾಣಾಂತಕ ರಕ್ತಹೀನತೆಯನ್ನು ಪರಿಶೀಲಿಸತೊಡಗಿದರು. ಕೂನೂರಿನಲ್ಲಿಯೂ ಪ್ರಯೋಗ ನಡೆಸಿದರು. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟಿನಿಂದ ರೋಗಿಗಳು ಚೇತರಿಸಿಕೊಂಡುದನ್ನು 1931ರಲ್ಲಿ ಪ್ರಕಟಿಸಿದರು.

ಆ ಗುಣಕ್ಕೆ ಕಾರಣವಾದ ಜೀವಸತ್ವವೇ ಫೋಲಿಕ್ ಆಮ್ಲ. ಯೀಸ್ಟಿನದಾಗಲಿ, ಮನುಷ್ಯನದಾಗಲಿ, ಜೀವಕೋಶವು ಒಂದು ಎರಡಾಗಲು ಇದು ಬೇಕೇಬೇಕು. ಯೀಸ್ಟು ಇದನ್ನು ತಾನೇ ತಯಾರಿಸಿಕೊಳ್ಳುವುದು. ಮನುಷ್ಯನು ಆಹಾರದಿಂದಲೇ ಪಡೆಯಬೇಕು. ಭೀಮಾವರದಲ್ಲಿ ಜನಿಸಿದ ಜೀವರಸಾಯನಜ್ಞ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯು 1945ರಲ್ಲಿ ಇದನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಕ್ಕೆ ಸೋದರರನ್ನು ಕಳೆದುಕೊಂಡಿದ್ದವರು ಅವರು. ಆ ರೋಗಕ್ಕೂ ಇದೇ ಮದ್ದಾಯಿತು. ಪರದೇಶದಲ್ಲಿಯೇ ದುಡಿಯುತ್ತ 1948ರಲ್ಲಿ ಅವರು ತೀರಿಕೊಂಡರು.

ಕೂನೂರಿನ ಪೋಷಣ ಪ್ರಯೋಗಶಾಲೆಯು 1958ರಲ್ಲಿ ನಮ್ಮ ಹೈದರಾಬಾದಿಗೆ ಬಂದಿತು. ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆಯೇ ಅದು. ಅದರೆದುರು ಬಸ್ಸಿನಲ್ಲಿ ಹಾದುಹೋಗುವ ಸೋದರರಲ್ಲಿ ನಮ್ಮದೊಂದು ಅರಿಕೆ. ಚಹಾ ಬನ್ನುಗಳಿಂದಲೇ ಹೊಟ್ಟೆ ಹೊರೆಯದೆ ಸೊಪ್ಪು, ಬೇಳೆಕಾಳುಗಳನ್ನೂ ಉಣ್ಣಿರಿ. ಸೊಪ್ಪನ್ನು ಅತಿಯಾಗಿ ಬೇಯಿಸದಿರಿ. ಊರಿನಲ್ಲಿರುವ ಗರ್ಭಿಣಿ ಮಡದಿಗೆ ಸರಕಾರಿ ಆಸ್ಪತ್ರೆಯವರು ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಗಳು ತಾಕಿನ ಮೇಲೆ ಉಳಿಯದಿರಲಿ. ಹಣ ಕಳುಹಿಸುವಾಗ ಈ ಮಾತನ್ನೂ ತಪ್ಪದೆ ತಿಳಿಸಿರಿ.