ದಾನದ ಸುದ್ದಿ, ದೀನರ ಮಾನ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರಭು ಯೇಸು ಕ್ರಿಸ್ತರು ಬೋಧಿಸಿದರು. ಆದರೆ ಇಂದಿನ ದೊಡ್ಡ ಸೇವಾಸಂಸ್ಥೆಗಳಲ್ಲಿ ಪತ್ರಿಕಾ ಪ್ರಕಟಣೆ ಬರೆಯಲು, ಛಾಯಾಚಿತ್ರ ಆರಿಸಲು, ವರದಿಗಾರರಿಗೆ ಉತ್ತರಿಸಲು ಪ್ರತ್ಯೇಕ ವಿಭಾಗವೇ ಇರುತ್ತದೆ. ದಾನಕ್ಕೆ ಡಂಗುರವೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಮೂಡುವುದು ಸಹಜ. ದಾನಿಯ ಹೆಸರನ್ನು ಸಾರುವುದು ಬೇರೆ, ದೀನರ ಅಗತ್ಯವನ್ನು ಸಾರುವುದು ಬೇರೆ ಎಂಬುದನ್ನು ನಾವು ಮೊದಲು ಅರಿಯಬೇಕಾಗಿದೆ.

ಪ್ರಥಮ ಮಹಾಯುದ್ಧವು 1918ರ ನವೆಂಬರಿನಲ್ಲಿ ನಿಂತರೂ ಮಿತ್ರರಾಷ್ಟ್ರಗಳ ದಿಗ್ಬಂಧನ ತೆರವಾಗಿರಲಿಲ್ಲ. ಜರ್ಮನಿ, ಆಸ್ಟ್ರಿಯಾಗಳ ಮಕ್ಕಳು ಹಸಿವಿನಿಂದ ಸೊರಗುತ್ತಿದ್ದರು. 1919ರಲ್ಲಿ ಎಗ್ಲಂಟೈನ್ ಜೆಬ್ ಎಂಬ ಮಹಿಳೆ, ಹಸಿದ ಮಗುವಿನ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹಂಚಿ ಬಂಧನಕ್ಕೊಳಗಾದರು. ಸೆನ್ಸಾರ್ ಅನುಮತಿ ಪಡೆದಿಲ್ಲವೆಂಬುದು ಅವರ ಮೇಲಿನ ಆರೋಪ. ನ್ಯಾಯಾಲಯವು 5 ಪೌಂಡ್ ದಂಡ ವಿಧಿಸಿತು. ವಿಚಾರಣೆ ಮುಗಿದ ಮೇಲೆ, ಅವರ ವಿರುದ್ಧ ವಾದಿಸಿದ್ದ ಸರಕಾರಿ ವಕೀಲರೇ 5 ಪೌಂಡನ್ನು ಅವರ ಕೈಗಿತ್ತರು. ಕೆಲವೇ ದಿನಗಳಲ್ಲಿ, ಮೇ 19ರಂದು, ‘ಸೇವ್ ದಿ ಚಿಲ್ಡ್ರನ್’ ನಿಧಿ ಉದಯಿಸಿತು.

ಜೆಬ್ ಆಂಗ್ಲಿಕನ್ ಸಭೆಗೆ ಸೇರಿದವರು. ಆದರೂ ಜಗದ್ಗುರು 15ನೇ ಬೆನೆಡಿಕ್ಟರು ಆ ಮಕ್ಕಳ ಮೊರೆಗೆ ಓಗೊಟ್ಟರು. ಡಿಸೆಂಬರ್ 28ರಂದು, ಅಂದರೆ ಹೆರೋದನಿಂದ ಹತರಾದ ನಿರ್ದೋಷಿ ಶಿಶುಗಳ ಸ್ಮರಣೆಯ ದಿನದಂದು, ಹಸಿದ ಮಕ್ಕಳಿಗಾಗಿ ಕಾಣಿಕೆ ಸಂಗ್ರಹಿಸುವಂತೆ ಅದೇ ವರ್ಷದ ವಿಶ್ವಪರಿಪತ್ರದಲ್ಲಿ ಕರೆಯಿತ್ತರು. 1920ರ ವಿಶ್ವಪರಿಪತ್ರದಲ್ಲಿ ಆ ನಿಧಿಯನ್ನು ಹೆಸರಿಸಿ ಶ್ಲಾಘಿಸಿದರು. ಹಸಿವಿನ ಸುದ್ದಿಯನ್ನು ಯಾರೂ ಹೊತ್ತು ತರದಿದ್ದರೆ ದೂರದ ಉಣ್ಣುವ ಮನೆಗಳಿಗೆ ಅದು ತಿಳಿಯುವುದಾದರೂ ಹೇಗೆ?

ಆದರೆ ಚಿತ್ರದ ಶಕ್ತಿಯಲ್ಲಿಯೇ ಅಪಾಯವೂ ಅಡಗಿದೆ. 1984ರ ಅಕ್ಟೋಬರ್ 23ರಂದು ಬಿಬಿಸಿಯ ಮೈಕೆಲ್ ಬ್ಯುರ್ಕ್ ಮತ್ತು ಛಾಯಾಗ್ರಾಹಕ ಮೊಹಮ್ಮದ್ ಅಮೀನ್ ಇಥಿಯೋಪಿಯಾದ ಕೋರೆಮ್‌ನಿಂದ ಕಳುಹಿಸಿದ ಬರಗಾಲದ ವರದಿ ಜಗತ್ತನ್ನೇ ನಡುಗಿಸಿತು. ನೆರವು ಹರಿದುಬಂತು, ಜೀವಗಳು ಉಳಿದವು. ಆದರೆ ನೊಣ ಮುತ್ತಿದ ಎಳೆಯ ಮುಖವೇ ಆಫ್ರಿಕಾದ ಗುರುತಾಗಿಬಿಟ್ಟಿತು. ಆ ಮಗುವಿನ ಹೆಸರೇನು, ಊರು ಯಾವುದು, ಅದರ ತಾಯಿ ಒಪ್ಪಿಗೆಯಿತ್ತಳೇ ಎಂದು ಕೇಳಿದವರು ವಿರಳ. ಸೇವಾಸಂಸ್ಥೆಗಳೇ ಮುಂದೆ ಆತ್ಮಶೋಧನೆಗೆ ತೊಡಗಿದವು. 1994ರಲ್ಲಿ ರೆಡ್‌ಕ್ರಾಸ್ ಹಾಗೂ ಪರಿಹಾರ ಸಂಸ್ಥೆಗಳು ಸೇರಿ ರೂಪಿಸಿದ ನೀತಿಸಂಹಿತೆಯ 10ನೇ ನಿಯಮವು ಪ್ರಚಾರಕ್ಕೇ ಸಂಬಂಧಿಸಿದ್ದು: ಸಂತ್ರಸ್ತರನ್ನು ಅಸಹಾಯಕ ವಸ್ತುಗಳಂತೆ ತೋರಿಸದೆ ಘನತೆಯುಳ್ಳ ಮನುಷ್ಯರಾಗಿ ಕಾಣಬೇಕೆಂಬುದು ಅದರ ಸಾರ. ಈ ಸಂಹಿತೆಯ ಪ್ರವರ್ತಕರಲ್ಲಿ ಕಥೋಲಿಕ ಧರ್ಮಸಭೆಯ ಸೇವಾಸಂಘಟನೆಯಾದ ಕಾರಿತಾಸ್ ಕೂಡ ಒಂದೆಂಬುದು ನಮಗೆ ಹೆಮ್ಮೆಯ ವಿಷಯ.

ಆದ್ದರಿಂದ ಸೇವಾಸಂಸ್ಥೆಯ ಪತ್ರಿಕಾ ಕಾರ್ಯಕರ್ತರು ಇಬ್ಬರಿಗೆ ಉತ್ತರದಾಯಿಗಳು. ದಾನಿಗೆ ಸತ್ಯವಾದ ಅಂಕಿಅಂಶ, ಹಣ ಎಲ್ಲಿಗೆ ಹೋಯಿತೆಂಬ ಲೆಕ್ಕ ಸಲ್ಲಬೇಕು. ಚಿತ್ರದಲ್ಲಿರುವ ವ್ಯಕ್ತಿಗೆ, ಅದು ಎಲ್ಲಿ ಪ್ರಕಟವಾಗುವುದೆಂಬ ವಿವರಣೆಯೂ ‘ಬೇಡ’ ಎನ್ನುವ ಸ್ವಾತಂತ್ರ್ಯವೂ ಸಲ್ಲಬೇಕು. ನೆರವು ಪಡೆಯಲು ಸಾಲಿನಲ್ಲಿ ನಿಂತವರು ಬೇಡವೆನ್ನಲು ಅಂಜುತ್ತಾರೆ. ಆ ಅಂಜಿಕೆಯನ್ನು ಒಪ್ಪಿಗೆಯೆಂದು ತಿಳಿಯುವುದು ತರವಲ್ಲ. ರಕ್ಷಣೆ ಮತ್ತು ಪೋಷಣೆಯ ಅಗತ್ಯವುಳ್ಳ ಮಕ್ಕಳ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವುದನ್ನು ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ.

ಈ ವಿಷಯ ದೊಡ್ಡ ಸಂಸ್ಥೆಗಳಿಗಷ್ಟೇ ಸೀಮಿತವಲ್ಲ. ಧರ್ಮಕೇಂದ್ರಗಳಲ್ಲಿ ಅಕ್ಕಿ, ಪುಸ್ತಕ ಹಂಚಿದಾಗ ವೇದಿಕೆಯ ಮೇಲೆ ದಾನಿಗಳು ಸಾಲಾಗಿ ನಿಂತು, ಪಡೆಯುವವರ ಮುಖವನ್ನು ಕ್ಯಾಮರಾದತ್ತ ತಿರುಗಿಸುವ ರೂಢಿ ಇಂದಿಗೂ ಕಾಣಸಿಗುತ್ತದೆ. ಮೊಬೈಲ್ ಫೋನಿನ ಈ ಕಾಲದಲ್ಲಿ ಆ ಚಿತ್ರ ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ. ಮರುದಿನ ಶಾಲೆಗೆ ಹೋಗುವ ಆ ಮನೆಯ ಮಗುವಿನ ಪಾಡೇನು? 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಸದಸ್ಯರು ಬಡವರ ಮನೆಗೆ ತಾವೇ ಹೋಗಿ, ಕಂಡದ್ದನ್ನು ಗುಟ್ಟಾಗಿಡುವ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು. ನೆರವಿನ ಸುದ್ದಿ ಪ್ರಕಟವಾಗಲಿ, ಮೊತ್ತವೂ ಲೆಕ್ಕವೂ ಪ್ರಕಟವಾಗಲಿ. ಪಡೆದವರ ಮುಖವನ್ನು ಮಾತ್ರ, ಅವರು ಮನಸಾರೆ ಒಪ್ಪದ ಹೊರತು, ಪ್ರಕಟಿಸದಿರೋಣ. ಮುಂದಿನ ಬಾರಿ ಚಿತ್ರ ಕಳುಹಿಸುವ ಮುನ್ನ, ಅದು ನಮ್ಮ ಮನೆಯ ಮಗುವಾಗಿದ್ದರೆ ಕಳುಹಿಸುತ್ತಿದ್ದೆವೇ ಎಂದು ಪ್ರತಿಯೊಂದು ಕುಟುಂಬವೂ ತನ್ನನ್ನು ತಾನೇ ಕೇಳಿಕೊಳ್ಳಲಿ.