ಮಂಜುಗಡ್ಡೆಯ ವಯಸ್ಸೆಷ್ಟು?

ಪ್ರತಿವರ್ಷ ಸೆಪ್ಟೆಂಬರ್ ಬಂತೆಂದರೆ ಆರ್ಕ್ಟಿಕ್ ಸಾಗರದ ಉಪಗ್ರಹ ನಕ್ಷೆಯನ್ನು ತಪ್ಪದೆ ನೋಡುತ್ತೇನೆ. ಅಲ್ಲಿನ ಮಂಜುಗಡ್ಡೆ ಕರಗಿ ಕರಗಿ ವರ್ಷದಲ್ಲೇ ಅತಿ ಕಡಿಮೆಯಾಗುವ ತಿಂಗಳು ಅದು. 1980ರ ಸುಮಾರಿಗೆ ಆ ಹೊತ್ತಿನಲ್ಲೂ 70 ಲಕ್ಷ ಚದರ ಕಿ.ಮೀ.ಯಷ್ಟು ಉಳಿದಿರುತ್ತಿತ್ತು. 2012ರಲ್ಲಿ ಉಳಿದದ್ದು 34 ಲಕ್ಷ. ಅದಕ್ಕಿಂತ ಕೆಳಗೆ ಮತ್ತೆ ಇಳಿದಿಲ್ಲ ಎಂಬುದನ್ನೇ ಹಿಡಿದು, ಮಂಜು ಚೇತರಿಸಿಕೊಂಡಿತು ಎನ್ನುವವರಿದ್ದಾರೆ. ಹರವನ್ನಷ್ಟೇ ಅಳೆದರೆ ಸಾಲದು, ವಯಸ್ಸನ್ನೂ ಕೇಳಬೇಕು.

ಕಡಲ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ. ಆಗ ಉಪ್ಪು ಮಂಜಿನ ಹರಳಿನೊಳಗೆ ಸೇರುವುದಿಲ್ಲ. ಒಂದಷ್ಟು ಕಡಲಿಗೇ ಇಳಿಯುತ್ತದೆ, ಉಳಿದದ್ದು ಗಾಢ ಉಪ್ಪುನೀರಾಗಿ ಸಣ್ಣ ಸಣ್ಣ ಪೊಳ್ಳುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗಡ್ಡೆ ಬೇಸಿಗೆ ದಾಟಿ ಬದುಕಿದರೆ, ಮೇಲೆ ಕರಗಿದ ನೀರು ಒಳಗಿಳಿದು ಆ ಉಪ್ಪನ್ನು ತೊಳೆದುಹಾಕುತ್ತದೆ. ಹಾಗೆ ಕೆಲವು ವರ್ಷ ಬಾಳಿದ ಗಡ್ಡೆಯನ್ನು ಕರಗಿಸಿದರೆ ಕುಡಿಯಲು ಬರುವಷ್ಟು ಸಿಹಿನೀರು. ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಜನರಿಗೆ ಇದು ತಲೆಮಾರುಗಳಿಂದ ಗೊತ್ತು. ಹೊಸ ಗಡ್ಡೆ ಸಾಮಾನ್ಯವಾಗಿ ಎರಡು ಮೀಟರ್ ದಾಟದು. ಹಳೆಯದು ಮೂರು-ನಾಲ್ಕು ಮೀಟರ್ ದಪ್ಪ, ಬಿಸಿಲಿಗೆ ಸುಲಭಕ್ಕೆ ಜಗ್ಗದು.

1980ರ ದಶಕದ ಮಧ್ಯದಲ್ಲಿ, ಚಳಿಗಾಲ ಮುಗಿಯುವ ಹೊತ್ತಿಗೆ, ಆರ್ಕ್ಟಿಕ್ ಮಂಜಿನ ಸುಮಾರು ಮೂರನೇ ಒಂದು ಭಾಗ ನಾಲ್ಕು ವರ್ಷ ಮೀರಿದ ಗಡ್ಡೆಯಾಗಿತ್ತು. ಈಗ ನೂರಕ್ಕೆ ಐದು ಪಾಲೂ ಇಲ್ಲ. ನನ್ನನ್ನು ನಿಜಕ್ಕೂ ಕಂಗೆಡಿಸುವುದು ಈ ಅಂಕಿ.

ಎರಡು ಹಡಗುಗಳು ಇದೇ ಕತೆ ಹೇಳುತ್ತವೆ. ನಾರ್ವೆಯ ಅನ್ವೇಷಕ ನಾನ್ಸೆನ್ ತನ್ನ 'ಫ್ರಾಮ್' ಹಡಗನ್ನು 1893ರ ಸೆಪ್ಟೆಂಬರ್‌ನಲ್ಲಿ ಸೈಬೀರಿಯಾದ ಉತ್ತರಕ್ಕೆ ಬೇಕೆಂದೇ ಮಂಜಿಗೆ ಸಿಕ್ಕಿಸಿದ. ಗಡ್ಡೆ ಎರಡೂ ಕಡೆ ಅಮುಕಿದರೆ ಹಡಗು ಮೇಲಕ್ಕೆ ಜಾರಲೆಂದು ಅದರ ತಳವನ್ನು ದುಂಡಗೆ ಕಟ್ಟಿಸಿದ್ದ. ಮಂಜಿನೊಂದಿಗೆ ತೇಲುತ್ತ ಅದು ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಬಿಡುಗಡೆಯಾದದ್ದು 1896ರ ಆಗಸ್ಟ್‌ನಲ್ಲಿ. ಫ್ರಾನ್ಸಿನ 'ತಾರಾ' 2006ರ ಸೆಪ್ಟೆಂಬರ್‌ನಲ್ಲಿ ಹೆಚ್ಚುಕಡಿಮೆ ಅದೇ ದಾರಿ ಹಿಡಿದು, 2008ರ ಜನವರಿಗೆಲ್ಲ ಹೊರಬಂದಿತ್ತು. ತೆಳ್ಳಗಿನ, ಬಿರುಕುಬಿಟ್ಟ ಮಂಜನ್ನು ಗಾಳಿ ಬೇಗ ನೂಕುತ್ತದೆ.

ನೀರಲ್ಲೇ ತೇಲುವ ಈ ಗಡ್ಡೆ ಕರಗಿದರೆ ಕಡಲಮಟ್ಟ ಹೆಚ್ಚೇನೂ ಏರದು, ನಿಜ. ಆದರೆ ಹಿಮ ಹೊದ್ದ ಗಡ್ಡೆ ಬಿಸಿಲಿನ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ತೆರೆದ ಕಡಲು ಕಳಿಸುವುದು ಆರೇಳು ಪಾಲು. ಮಿಕ್ಕ ಶಾಖವನ್ನೆಲ್ಲ ನೀರು ಹೀರಿಕೊಂಡು ಇನ್ನಷ್ಟು ಮಂಜನ್ನು ಕರಗಿಸುತ್ತದೆ. ಹರವನ್ನಷ್ಟೇ ನಂಬಬಾರದು ಎಂಬುದಕ್ಕೆ ದಕ್ಷಿಣದ ತುದಿಯೂ ಸಾಕ್ಷಿ: ಅಂಟಾರ್ಕ್ಟಿಕದಲ್ಲಿ 2014ರವರೆಗೂ ಚಳಿಗಾಲದ ಮಂಜು ಹೆಚ್ಚುತ್ತಿತ್ತು, 2 ಕೋಟಿ ಚದರ ಕಿ.ಮೀ. ಮುಟ್ಟಿತ್ತು, 2023ರಲ್ಲಿ 1.7 ಕೋಟಿಗೆ ಕುಸಿಯಿತು.

ಒಂದು ಕಡುಚಳಿಗಾಲ ಬಂದರೆ ಹರವು ಹಿಗ್ಗಬಹುದು. ನಾಲ್ಕು ವರ್ಷದ ಗಡ್ಡೆಯಾಗಲು ಮಾತ್ರ ನಾಲ್ಕು ಬೇಸಿಗೆ ಬದುಕಲೇಬೇಕು. ಮುಂದಿನ ಸೆಪ್ಟೆಂಬರ್‌ನಲ್ಲಿ 'ಮಂಜು ಹೆಚ್ಚಿದೆ' ಎಂಬ ಸುದ್ದಿ ಕಂಡರೆ, ಅದರಲ್ಲಿ ಹಳೆಯದೆಷ್ಟು ಎಂದು ದಯವಿಟ್ಟು ವಿಚಾರಿಸಿ.